ಗಾಡಿಯ ಬೆನ್ನ ಮೇಲಿನ ಕಂಬಳಿ

ಮೊನ್ನೆ ಮಧ್ಯಾಹ್ನ ಅಡುಗೆಮನೆಗೆ ಕಾಲಿಟ್ಟರೆ ಬೆಚ್ಚಗಾದ ಒದ್ದೆ ಉಣ್ಣೆಯ ವಾಸನೆ. ನಮ್ಮ ಮನೆಯವರು ಮಳೆಯಲ್ಲಿ ನೆಂದ ಸ್ವೆಟರನ್ನು ನಮ್ಮ ಹಳೇ ಫ್ರಿಡ್ಜಿನ ಹಿಂದೆ, ಆ ಕಪ್ಪು ಜಾಲರಿಯ ಮೇಲೆ ಒಣಹಾಕಿದ್ದರು. ಅಲ್ಲಿ ಬಿಸಿ ಇರುತ್ತದಲ್ಲ. ಫ್ರಿಡ್ಜು ಪಾಪ ಉಸಿರು ಸಿಗದೆ ಗೊರಗೊರ ಎನ್ನುತ್ತಿತ್ತು. ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಆ ವಾಸನೆ ನನ್ನನ್ನು ಎಳೆದುಕೊಂಡು ಹೋಗಿ ಆಲೂರು ರಸ್ತೆಯ ಕಾಫಿ ಗೋದಾಮಿನಲ್ಲಿ, ಮೂಟೆ ಎತ್ತಿಡುವ ಒಂದು ಫೋರ್ಕ್‌ಲಿಫ್ಟಿನ ಹಿಂದೆ ನಿಲ್ಲಿಸಿಬಿಟ್ಟಿತ್ತು.

ನಗಬೇಡಿ. ಈಗ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಇಳಿಯುವ ಈ ಹೆಂಗಸು ಒಂದು ಕಾಲದಲ್ಲಿ ಆ ಗಾಡಿ ಓಡಿಸುತ್ತಿದ್ದಳು. ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಎಸ್ಟೇಟ್‌ಗಳಿಂದ ಬಂದ ಒಣ ಕಾಫಿಯ ಸಿಪ್ಪೆ ಬಿಡಿಸಿ, ಬೀಜ ಆರಿಸಿ, ಮೂಟೆ ಕಟ್ಟಿ ಮಂಗಳೂರಿಗೆ ಕಳಿಸುವ ಕ್ಯೂರಿಂಗ್ ವರ್ಕ್ಸ್ ಅದು. ನಾನು ಅಲ್ಲಿ ತೂಕ ಬರೆಯುವ ರೈಟರ್. ಬಂದರಿನಿಂದ ತಂದ ಹಳೇ ಫೋರ್ಕ್‌ಲಿಫ್ಟಿನ ಡ್ರೈವರು ಕೆಲಸ ಬಿಟ್ಟು ಹೋದಾಗ, ನಾನು ಓಡಿಸುತ್ತೇನೆ ಎಂದೆ. ಅಪ್ಪನ ಟ್ರ್ಯಾಕ್ಟರು, ವನಗೂರಿನ ಚಿಕ್ಕಪ್ಪನ ಜೀಪು ಎರಡನ್ನೂ ಪಳಗಿಸಿದವಳು ನಾನು. ಮ್ಯಾನೇಜರು ನಕ್ಕರು. ಬೇರೆ ಜನ ಸಿಗದೆ ಕೊನೆಗೆ ಕೀಲಿ ಕೊಟ್ಟರು. ಗಾಡಿಗೆ ಏನಾದರೂ ಆದರೆ ಮತ್ತೆ ತಕ್ಕಡಿ ಮುಂದೆ ಕೂರಬೇಕು ಎಂಬ ಷರತ್ತೂ ಹಾಕಿದರು.

ಆ ಸೀಟಿನ ಮೇಲೆ ನನಗೆಷ್ಟು ಆಸೆಯಿತ್ತು ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಮದುವೆಯಲ್ಲಿ ಹಸೆಮಣೆ ಮೇಲೆ ಕೂತಾಗಲೂ ಅಷ್ಟು ಸೊಕ್ಕು ಬಂದಿರಲಿಲ್ಲ.

ಬೇಸಿಗೆ ಕಳೆಯುವವರೆಗೂ ಗಾಡಿ ಹೇಳಿದ ಮಾತು ಕೇಳಿತು. ಮಳೆ ಹಿಡಿಯಿತು ನೋಡಿ, ಕುದಿಯಲು ಶುರು. ಮೈ ನಡುಗುವ ಥಂಡಿಯಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತದೆ, ಹಿಂದಿನಿಂದ ಹಬೆ ಏಳುತ್ತದೆ, ಲಾರಿಗಳು ಸಾಲಾಗಿ ಕಾಯುತ್ತವೆ. ಹಿಂದಿನ ವರ್ಷ ಮಳೆಗಾಲದಲ್ಲೂ ಇದೇ ಗಾಡಿ ಹೀಗೇ ಕುದಿದಿತ್ತು. ಆಗ ಎಲ್ಲರೂ ಗಾಡಿ ಹಳೇದು ಎಂದಿದ್ದರು. ಈಗ ಹೆಂಗಸಿನ ಕೈ ಎಂದರು. ಗಾಡಿ ಅದೇ, ಮಳೆ ಅದೇ, ಹಬೆಯೂ ಅದೇ. ಸೀಟಿನ ಮೇಲೆ ಸೀರೆ ಇದ್ದದ್ದೊಂದೇ ವ್ಯತ್ಯಾಸ. ಇನ್ನೊಂದು ಸಲ ಕುದಿದರೆ ಸೀಟು ಬಿಡು ಎಂದರು ಮ್ಯಾನೇಜರು.

ಬಿಡುತ್ತೇನೆಯೇ? ರೇಡಿಯೇಟರಿಗೆ ಕಾಫಿ ಹೊಟ್ಟು ಮೆತ್ತಿತ್ತು. ಹಿಂದಿನಿಂದ ಒಳಮುಖವಾಗಿ ಗಾಳಿ ಹೊಡೆದು ಉದುರಿಸಿದೆ. ಫ್ಯಾನ್ ಬೆಲ್ಟ್ ಬಿಗಿ ಮಾಡಿದೆ. ಎಂಜಿನ್ ಪೂರ್ತಿ ಆರುವವರೆಗೆ ಯಾರೂ ಮುಚ್ಚಳ ಮುಟ್ಟದಂತೆ ಕಾವಲು ನಿಂತು, ಆಮೇಲೆ ನೀರು ತುಂಬಿಸಿದೆ. ಸ್ವಲ್ಪ ಸುಧಾರಿಸಿತು, ಆದರೂ ಮುಳ್ಳು ಮತ್ತೆ ಏರತೊಡಗಿತು.

ಆಗ ಚಿಕ್ಕಪ್ಪ ನೆನಪಾದರು. ವನಗೂರಿನ ಕಡೆ ಚಳಿಗಾಲದ ಬೆಳಿಗ್ಗೆ ಎಂಜಿನ್ ಬೇಗ ಬಿಸಿಯಾಗಲಿ ಎಂದು ಜೀಪಿನ ಮೂತಿಗೆ ಗೋಣಿಚೀಲ ಕಟ್ಟುತ್ತಿದ್ದರು. ಏರು ಶುರುವಾಗುವ ಮುಂಚೆ ಚಿಕ್ಕಪ್ಪ ಇಳಿದು ಅದನ್ನು ಬಿಚ್ಚಲೇಬೇಕು. "ಬಿಚ್ಚದೆ ಹತ್ತುದ್ರೆ ಅದರ ಗಂಟ್ಲು ಹಿಸುಕ್ದಂಗೆ ಕಣವ್ವ. ಕುದಿಯೋ ಗಾಡಿಗೆ ನೀರು ಆಮೇಲೆ, ಮೊದ್ಲು ಗಾಳಿ ಎಲ್ಲಿ ನಿಂತೈತೆ ನೋಡು," ಎನ್ನುತ್ತಿದ್ದರು.

ಗಾಳಿ ಎಲ್ಲಿ ನಿಂತಿದೆ ಎಂದು ನೋಡಲು ನಾನು ದೂರ ಹೋಗಬೇಕಾಗಲಿಲ್ಲ. ಜೀಪಿಗೆ ಮೂತಿಯಲ್ಲಿರುವ ಜಾಲರಿ ಫೋರ್ಕ್‌ಲಿಫ್ಟಿಗೆ ಬೆನ್ನಿನಲ್ಲಿ. ಎಂಜಿನ್ನಿನ ಬಿಸಿಗಾಳಿಯೆಲ್ಲ ಅಲ್ಲಿಂದ ಹೊರಗೆ ಬರಬೇಕು. ಆ ಜಾಲರಿಯ ಮೇಲೆ, ಎಂಜಿನ್ ಓಡುತ್ತಾ ಗಾಡಿ ನಿಂತಾಗಲೆಲ್ಲ, ಬೀಜ ಆರಿಸುವ ಹೆಂಗಸರ ಕಂಬಳಿ, ಹಮಾಲರ ಟವೆಲ್ಲು, ಯಾರದೋ ಮಗುವಿನ ಟೋಪಿ. ಇಡೀ ಗೋದಾಮಿನಲ್ಲಿ ಬೆಚ್ಚಗಿದ್ದ ಜಾಗ ಅದೊಂದೇ. ಗಾಡಿ ಬಂದ ವರ್ಷದಿಂದಲೂ ಅದು ರೂಢಿ, ನನ್ನ ಕಂಬಳಿಯೂ ಅಲ್ಲೇ ಒಣಗಿದ್ದು ಸುಳ್ಳಲ್ಲ. ಒಲೆ ಎಂದುಕೊಂಡು ನಾವೆಲ್ಲ ಅದರ ಮೂಗು ಮುಚ್ಚಿದ್ದೆವು.

ಎಲ್ಲವನ್ನೂ ತೆಗೆಸಿದೆ. ಅವತ್ತು ಸಂಜೆಯವರೆಗೂ ಮುಳ್ಳು ಅಲ್ಲಾಡಲಿಲ್ಲ. ಮ್ಯಾನೇಜರಿಗೆ ಖುಷಿಯೋ ಖುಷಿ. ಮರುದಿನವೇ ಒದ್ದೆ ಬಟ್ಟೆ ಗೋದಾಮಿನೊಳಗೆ ತರಕೂಡದು, ಗೇಟಿನಲ್ಲೇ ಬಿಡಬೇಕು ಎಂದು ಬೋರ್ಡು ಹಾಕಿಸಿದರು. ಗೇಟಿನಲ್ಲಿ ಬಿಟ್ಟ ಕಂಬಳಿ ಸಂಜೆಗೆ ಇನ್ನಷ್ಟು ನೀರು ಕುಡಿದಿರುತ್ತಿತ್ತು. ಅದನ್ನೇ ಹೊದ್ದು ಕೆಲಸದವರು ಮನೆಗೆ ಮೈಲಿಗಟ್ಟಲೆ ನಡೆಯಬೇಕು. ಆರಿಸುವ ಹೆಂಗಸರಲ್ಲಿ ಹಿರಿಯಳಾದ ದ್ಯಾವಕ್ಕ ಕೆಮ್ಮುತ್ತಾ ನನ್ನ ಗಾಡಿಗೆ ಅಡ್ಡ ಬಂದು ನಿಂತಳು.

"ತೆಗಿ ಅಂದೆ, ತೆಗುದ್ವಿ. ಮತ್ತೆಲ್ಲಿ ಹಾಕನ? ಅದ್ನೂ ನೀನೇ ಹೇಳ್ಬುಡು ಮಾರಾಯ್ತಿ."

ನನಗೆ ಸಿಟ್ಟು ಬಂತು. ಮೊದಲು ಅವಳ ಮೇಲೆ, ಯಾಕೆಂದರೆ ನಾನು ಗೆದ್ದ ಖುಷಿ ಹಾಳಾಯಿತು. ರಾತ್ರಿ ಊಟಕ್ಕೆ ಕೂತಾಗ ಅದು ಬೋರ್ಡಿನ ಕಡೆಗೆ ತಿರುಗಿತು.

ಬೆಳಿಗ್ಗೆ ಹೋದವಳೇ ಗಾಡಿಯನ್ನು ಗೋದಾಮಿನ ಬಾಗಿಲಿಗೆ ಅಡ್ಡ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಗೋದಾಮಿನ ಹೊರಗೆ, ಕಾಫಿ ಒಣಗಿಸುವ ಡ್ರೈಯರಿನ ಒಲೆಯ ಹಿಂದೆ, ಸೂರಿನ ಕೆಳಗೆ, ಕೈಯಿಟ್ಟರೆ ಬಿಸಿ ತಾಗುವ ಒಂದು ಗೋಡೆಯಿತ್ತು. ಅಲ್ಲಿ ಹಗ್ಗ ಕಟ್ಟಿಸಿ ಎಂದೆ. ಬೆಂಕಿ ಹತ್ತಿದರೆ ಯಾರು ಹೊಣೆ ಎಂದರು ಮ್ಯಾನೇಜರು. ಒಲೆ ಗೋಡೆಯ ಆಚೆ, ಹಗ್ಗ ಈಚೆ, ಕಂಬಳಿ ನೀರು ಕುಡಿದಿದೆ, ಹತ್ತಲು ಅದಕ್ಕೇನು ತಲೆ ಕೆಟ್ಟಿದೆಯೇ ಎಂದೆ. ಹೊರಗೆ ಲಾರಿಯವನು ಹಾರನ್ ಒತ್ತಿದ. ಮ್ಯಾನೇಜರು ಹಮಾಲರಿಗೆ ಮೂಟೆಯನ್ನು ಬೆನ್ನ ಮೇಲೆ ಹೊರಲು ಹೇಳಿದರು. ಅವರು ಮೂಟೆಗಳ ಮೇಲೆಯೇ ಕೂತು ಬೀಡಿ ಹುಡುಕತೊಡಗಿದರು.

"ನಿನ್ನ ಸೀಟು ಹೋಗುತ್ತೆ, ಗೊತ್ತಿದೆಯಾ?" ಎಂದರು ಮ್ಯಾನೇಜರು.

"ಹೋಗ್ಲಿ ಬುಡಿ ಸಾರ್. ಗಾಡಿ ತಣ್ಣಗಿರ್ಲಿ ಅಂತ ಜನ ನಡುಗ್ತಾ ಕೂತ್ಕಳಕ್ಕಾಗಲ್ಲ. ಹಗ್ಗ ಕಟ್ಟುಸ್ದೆ ನಾನು ಕೀಲಿ ಕೊಡಾಕಿಲ್ಲ."

ಸೆರಗಿನ ಗಂಟಿಗೆ ಇನ್ನೊಂದು ಸುತ್ತು ಹಾಕಿ ಬಿಗಿದೆ. ಸೀರೆಯ ಉಪಯೋಗ ಅದೇ, ನೋಡಿ.

ಮಧ್ಯಾಹ್ನದ ಊಟದ ಹೊತ್ತಿಗೆ ಹಗ್ಗ ಬಂತು. ದ್ಯಾವಕ್ಕನ ಕಂಬಳಿ ಮೊದಲು ಬಿತ್ತು. ನಾನು ಕೀಲಿ ತಿರುಗಿಸಿದೆ, ಆ ಮಳೆಗಾಲ ಪೂರ್ತಿ ಗಾಡಿ ಕುದಿಯಲಿಲ್ಲ. ಮುಂದಿನ ಹಂಗಾಮಿಗೆ ಹೊಸ ಡ್ರೈವರು ಬಂದ, ನನ್ನನ್ನು ತಕ್ಕಡಿ ಮುಂದೆ ಕೂರಿಸಿದರು. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಈಗಲೂ ದಾರಿಯಲ್ಲಿ ಫೋರ್ಕ್‌ಲಿಫ್ಟ್ ಕಂಡರೆ ಕೈ ಸ್ಟೇರಿಂಗ್ ಹುಡುಕುತ್ತದೆ. ಆದರೆ ತೂಕ ಬರೆಯುತ್ತಾ ಕೂತರೆ ಕಿಟಕಿಯಲ್ಲಿ ಆ ಹಗ್ಗ ಕಾಣುತ್ತಿತ್ತು. ಅದನ್ನು ಬಿಚ್ಚುವ ಧೈರ್ಯ ಯಾವ ಮ್ಯಾನೇಜರಿಗೂ ಬರಲಿಲ್ಲ.

ಸ್ವೆಟರನ್ನು ಫ್ರಿಡ್ಜಿನ ಬೆನ್ನಿಂದ ಎಳೆದು ತೆಗೆದೆ. ಗೊರಗೊರ ಸದ್ದು ನಿಧಾನಕ್ಕೆ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಮನೆಯವರು, "ಮತ್ತೆಲ್ಲಿ ಹಾಕ್ಲಿ, ಹೇಳು," ಎಂದರು.

ಬೈಗುಳ ನುಂಗಿಕೊಂಡೆ. ಸುತ್ತಿಗೆ, ಎರಡು ಮೊಳೆ ಹುಡುಕಿ ತಂದು, ಬಚ್ಚಲ ಒಲೆಯ ಹಿಂದಿನ ಗೋಡೆಗೆ ಹೊಡೆದೆ. ಹಗ್ಗವನ್ನು ಜಗ್ಗಿ ಜಗ್ಗಿ ಬಿಗಿದೆ. ಇಷ್ಟೊಂದು ಬಿಗಿ ಯಾಕೆ, ಒಂದು ಸ್ವೆಟರು ತಾನೇ ಎಂದರು ಅವರು. ಮಳೆಯಲ್ಲಿ ನೆಂದು ಇನ್ನೂ ಜನ ಬರಬಹುದು ಎಂದೆ.