ಏಜೆಂಟರ ಎಡಗೆನ್ನೆ

ಅರವತ್ತರ ದಶಕದಲ್ಲಿ ನಾನು ಹೊಸನಗರದ ಒಂದು ಚಿಕ್ಕ ದವಾಖಾನೆಗೆ ಡಾಕ್ಟರಾಗಿ ಬಂದೆ. ಮದುವೆಯಾಗದ ಹೆಂಗಸು ಒಬ್ಬಳೇ ಬಾಡಿಗೆ ಮನೆಯಲ್ಲಿದ್ದಾಳೆಂದು ಊರಿನವರು ಏನೂ ಅನ್ನಲಿಲ್ಲ. ಆದರೆ ಯಾರೂ ಹೊಸಿಲು ದಾಟಿ ಒಳಗೂ ಬರಲಿಲ್ಲ. ಕಾಯಿಲೆಯ ವಿಷಯ ಮುಗಿದರೆ ನನ್ನ ಹತ್ತಿರ ಅವರಿಗೆ ಬೇರೆ ಮಾತಿರಲಿಲ್ಲ.

ಬಸ್‌ಸ್ಟ್ಯಾಂಡಿನ ಏಜೆಂಟರು ಬಂದದ್ದು ಒಂದು ಸೋಮವಾರ. "ತೀರ್ಥಹಳ್ಳಿ, ತೀರ್ಥಹಳ್ಳಿ!" ಎಂದು ಕೂಗಿ ಖಾಸಗಿ ಬಸ್ಸುಗಳಿಗೆ ಜನ ಹತ್ತಿಸುವುದು ಅವರ ಕೆಲಸ. ಆ ದಿನ ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರು. ಬಾಯಿ ತೆರೆಯದೆ ಎಡದವಡೆ ತೋರಿಸಿ, ಒಂದು ಚೀಟಿಯಲ್ಲಿ ಬರೆದರು: "ಮಾತಾಡಿದ್ರೆ ಮಿಂಚು ಹೊಡೆದ ಹಾಗಾಗ್ತದೆ. ಉಂಡ್ರೂ ಅಷ್ಟೇ. ಗಾಳಿ ತಾಗಿದ್ರೂ."

ನೋವು ಶುರುವಾದಾಗ ತೀರ್ಥಹಳ್ಳಿಯಲ್ಲಿ ಹಲ್ಲು ಕೀಳುವವನೊಬ್ಬ ಅವರ ಹುಳುಕಿಲ್ಲದ ನಾಲ್ಕು ಹಲ್ಲು ಕಿತ್ತಿದ್ದ. ನೋವು ಹಾಗೇ ಇತ್ತು. ಅದು ಹಲ್ಲಿನದಲ್ಲ, ನರದ್ದು. ಇದಕ್ಕೊಂದು ಮಾತ್ರೆ ಬಂದಿದೆಯೆಂದು ಕೇಳಿದ್ದೆ, ನಮ್ಮ ಕಡೆ ಅದಿನ್ನೂ ಸಿಗುತ್ತಿರಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಎಂದೆ. ಅವರು ಮತ್ತೆ ಬರೆದರು: "ಬಸ್ಸಿನ ಕುಲುಕು ತಡೆಯೋಕೆ ಆಗಲ್ಲ."

ಉಳಿದದ್ದು ಒಂದೇ ದಾರಿ, ಆ ನರದ ಬುಡಕ್ಕೇ ಆಲ್ಕೋಹಾಲ್ ಚುಚ್ಚಿ ಅದನ್ನು ಸಾಯಿಸುವುದು. ನಮ್ಮ ಪ್ರೊಫೆಸರು ಮಾಡುವಾಗ ಎರಡು ಸಲ ನೋಡಿದ್ದೆ, ಅಷ್ಟೇ. ಅವರಿಗೆ ಕಾಗದ ಬರೆದೆ. "ಮೊದಲು ಬುರುಡೆಯ ಮೇಲೆ ಕೈ ಪಳಗಲಿ" ಎಂದು ಉತ್ತರ ಬಂತು.

ಓದುವಾಗ ಕೊಂಡ ತಲೆಬುರುಡೆ ಟ್ರಂಕಿನಲ್ಲಿತ್ತು. ಭಾನುವಾರ ಮಧ್ಯಾಹ್ನ ಅದನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಕೆನ್ನೆಮೂಳೆಯ ಕಮಾನಿನ ಕೆಳಗೆ, ದವಡೆಮೂಳೆಯ ಮರೆಯಲ್ಲಿ, ಬುರುಡೆಯ ತಳದಡಿ ಒಂದು ಗುಳಿಯಿದೆ. ಒಣಬುರುಡೆಯಲ್ಲಿ ಅದು ಬರೀ ಖಾಲಿ ಜಾಗ. ಬದುಕಿರುವವರಲ್ಲಿ ಅಲ್ಲಿ ಬೆರಳು ತೂರಿಸಲೂ ಎಡೆಯಿಲ್ಲ. ಅಗಿಯುವ ಸ್ನಾಯುಗಳು, ಅವುಗಳ ನಡುವೆ ಡೊಂಕಾಗಿ ಹಾಯುವ ರಕ್ತನಾಳ, ಸುತ್ತ ಬಲೆಯಂತೆ ಹೆಣೆದುಕೊಂಡ ಸಿರೆಗಳು. ಗುಳಿಯ ಚಾವಣಿಯಲ್ಲಿ ಅವರೆಕಾಳಿಗಿಂತ ಚಿಕ್ಕದೊಂದು ತೂತು. ದವಡೆಯ ನರ ಇಳಿದು ಬರುವುದು ಅಲ್ಲಿಂದ. ಕಣ್ಣು ಮುಚ್ಚಿಕೊಂಡು ಆ ತೂತಿನ ಅಂಚಿಗೆ ಸೂಜಿ ಮುಟ್ಟಿಸುವುದು ಅಭ್ಯಾಸವಾಗುವ ಹೊತ್ತಿಗೆ ಮೂರು ಭಾನುವಾರ ಕಳೆದವು.

ಆದರೂ ಏಜೆಂಟರಿಗೆ ಮೊದಲ ಸಲ ಚುಚ್ಚುವಾಗ ಗುರಿ ತಪ್ಪಿತು. ಸೂಜಿ ಸಿರೆಗಳ ಬಲೆಗೆ ತಗುಲಿ, ನೋಡನೋಡುತ್ತಲೇ ಅವರ ಕೆನ್ನೆ ಊದಿಕೊಂಡಿತು. ಆಲ್ಕೋಹಾಲ್ ಮುಟ್ಟದೆ ನಿಲ್ಲಿಸಿಬಿಟ್ಟೆ. ಆ ವಾರವೆಲ್ಲ ಅನ್ನ ಸೇರಲಿಲ್ಲ. ಹೀಗಾಯಿತು ಎಂದು ಹೇಳಿಕೊಳ್ಳಲು ಒಬ್ಬರಾದರೂ ಇರಬೇಕಿತ್ತು.

ಬಾವು ಇಳಿದ ಮೇಲೆ ಅವರೇ ಬಂದರು. ಚೀಟಿಯಲ್ಲಿ ಇದ್ದದ್ದು ಒಂದೇ ಮಾತು: "ಇನ್ನೊಂದ್ಸಲ."

ಈ ಸಲ ಸೂಜಿ ಒಳಗಿನ ಮೂಳೆಗೆ ತಾಗಿತು. ತುಸು ಹಿಂದಕ್ಕೆಳೆದು, ಕಿವಿಯ ಕಡೆಗೆ ಓರೆ ಮಾಡಿ ಮತ್ತೆ ಇಳಿಸಿದೆ. ಗದ್ದಕ್ಕೆ ಮಿಂಚು ಹೊಡೆದಂತಾಗಿ ಅವರು ಕುರ್ಚಿ ಹಿಡಿದುಕೊಂಡರು. ಮೊದಲು ಮರಗಟ್ಟಿಸುವ ಔಷಧಿ ಹಾಕಿ ನೋಡಿದೆ. ಕೆಳತುಟಿಯ ಅರ್ಧ ಜೋಮು ಹಿಡಿಯಿತು. ಜಾಗ ಸರಿಯಿತ್ತು. ಆಮೇಲೆ ಆಲ್ಕೋಹಾಲ್.

ಅವರು ಟವೆಲನ್ನು ಕುರ್ಚಿಯ ಮೇಲೇ ಬಿಟ್ಟು ಬಾಗಿಲಿಗೆ ಹೋಗಿ ನಿಂತರು. "ಡಾಕ್ಟ್ರಮ್ಮಾ, ಗಾಳಿ ತಾಗಿದ್ರೂ ನೋವಿಲ್ಲ" ಎಂದರು. ಕಣ್ಣಲ್ಲಿ ನೀರಿತ್ತು.

ಮುಂದಿನ ವರ್ಷ ನನಗೆ ಸಾಗರಕ್ಕೆ ವರ್ಗವಾಯಿತು. ನರ ಮತ್ತೆ ಚಿಗುರುತ್ತದೆ, ಅದರ ಜೊತೆ ನೋವೂ. ಒಂದು ದಿನ ಏಜೆಂಟರು ಬಸ್ಸಿನ ಕುಲುಕನ್ನು ಹೇಗೋ ಸಹಿಸಿಕೊಂಡು ಸಾಗರಕ್ಕೇ ಬಂದರು. ಮತ್ತೆ ಚುಚ್ಚಿದೆ. ವಾಪಸು ಬಸ್ಸಿಗೆ ಇನ್ನೂ ಮೂರು ತಾಸು ಇತ್ತು. ಮನೆಗೆ ಕರೆದುಕೊಂಡು ಹೋಗಿ, ಕಾಫಿ ಆರಿಸಿ ಕೊಟ್ಟೆ.

ಅರ್ಧ ನಾಲಿಗೆ ಜೋಮು ಹಿಡಿದಿದ್ದರಿಂದ ಅವರಿಗೆ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ನಾನೇ ಮಾತಾಡಿದೆ. ಅಪ್ಪ ತೀರಿಕೊಂಡದ್ದು, ಬಂದ ಎರಡು ಸಂಬಂಧ ನಾನೇ ಬೇಡವೆಂದದ್ದು, ಅಕ್ಕ ಕಾಗದ ಬರೆಯುವುದನ್ನೇ ನಿಲ್ಲಿಸಿದ್ದು. ಅವರು ಲೋಟ ಹಿಡಿದುಕೊಂಡು ಹೂಂಗುಡುತ್ತ ಕೂತಿದ್ದರು. ಇಂಥದ್ದನ್ನೆಲ್ಲ ಇವರ ಮುಂದೆ ಯಾಕೆ ಹೇಳುತ್ತಿದ್ದೇನೆ ಎಂದು ನಡುವೆ ನಾಚಿಕೆಯಾಯಿತು. ಆದರೂ ನಿಲ್ಲಿಸಲಾಗಲಿಲ್ಲ.

ಬಸ್ಸಿಗೆ ಹೊತ್ತಾಯಿತೆಂದು ನಾನೇ ನೆನಪಿಸಿದೆ. ಅವರು ಏಳಲಿಲ್ಲ. "ಇನ್ನೂ ಹೇಳೋದಿದ್ರೆ ಹೇಳಿ, ಅಮ್ಮಾ. ನಾಳೆ ಬಸ್ಸಿಗೂ ಹೋಗಬಹುದು" ಎಂದರು, ತೊದಲುತ್ತ.

"ಇಲ್ಲ, ಹೊರಡಿ" ಎಂದೆ. ಗೇಟಿನವರೆಗೆ ಹೋಗಿ ಕಳಿಸಿಕೊಟ್ಟೆ.