ಮೀಟರಿನ ಮುಳ್ಳು ಮತ್ತು ನಮ್ಮವರ ಕಾಲು

ನಮ್ಮ ಯಜಮಾನರು ರೈಲ್ವೆಯಿಂದ ನಿವೃತ್ತರಾದ ಮೇಲಿನ ಎರಡನೇ ಚಳಿಗಾಲ ಅದು. ನಾವು ಗದಗ ಬಿಟ್ಟು ನಾಗಪುರಕ್ಕೆ ಬಂದು ಆಗಲೇ ಇಪ್ಪತ್ತಾರು ವರ್ಷವಾಗಿತ್ತು. ಅವರು ಟೆಲಿಫೋನ್ ವಿಭಾಗದಲ್ಲಿ ಟೆಕ್ನಿಷಿಯನ್. ಮೀಟರ್ ಹಚ್ಚಿ ನೋಡದೆ ಇಂಥದ್ದೇ ದೋಷ ಎಂದು ಬಾಯಿ ಬಿಟ್ಟವರಲ್ಲ. ಮನೆಯಲ್ಲೂ ಅದೇ ಚಾಳಿ. ಒಮ್ಮೆ ಇಸ್ತ್ರಿಪೆಟ್ಟಿಗೆ ಕೆಟ್ಟಿದೆ ಎಂದಾಗ, "ಕೆಟ್ಟೈತಿ ಅಂತ ನೀ ಹೆಂಗ ಹೇಳ್ತಿ? ಅಳದು ನೋಡಿದಿ ಏನು?" ಎಂದು ಕೇಳಿದ್ದರು. ನಾನು ಎರಡು ದಿನ ಮಾತು ಬಿಟ್ಟಿದ್ದೆ.

ಆ ಚಳಿಗಾಲದ ಹೊತ್ತಿಗೆ ಅವರ ಕೈ ನಡುಗಲು ಶುರುವಾಗಿತ್ತು. ಚಹಾದ ಕಪ್ಪು ಬಸಿಯ ಮೇಲೆ ಟಕಟಕ ಅನ್ನುತ್ತಿತ್ತು. ರಾಮದಾಸಪೇಠದ ಡಾಕ್ಟರು ಪರೀಕ್ಷಿಸಿ, ಕೈಯಲ್ಲಿ ಸಣ್ಣ ನಡುಕ ಅಷ್ಟೇ, ಕಾಲಿಗೆ ಏನೂ ಆಗಿಲ್ಲ, ಸದ್ಯಕ್ಕೆ ಕಾರು ಓಡಿಸಬಹುದು ಎಂದಿದ್ದರು.

ಅದೇ ಸಮಯಕ್ಕೆ ನಮ್ಮ ಹಳೆಯ ಸಣ್ಣ ಕಾರು ಜಗ್ಗತೊಡಗಿತು. ಸಿವಿಲ್ ಲೈನ್ಸಿನ ಅಗಲ ರಸ್ತೆಯಲ್ಲಿ ಹೋಗುತ್ತಿದ್ದ ಹಾಗೆ ಒಮ್ಮೆಲೇ ಮುಗ್ಗರಿಸುವುದು, ಮತ್ತೆ ಜಿಗಿಯುವುದು. ಹಿಂದಿನಿಂದ ಆಟೋದವರ ಹಾರ್ನು, ಬೈಗುಳ. ಗ್ಯಾರೇಜಿನವನು ಕಂಪ್ಯೂಟರ್ ಹಚ್ಚಿ ನೋಡಿ, "ಅಂಕಲ್, ಗಾಡೀ ಏಕ್‌ದಮ್ ಬರೋಬರ್ ಹೈ. ಪಾಂವ್ ಜರಾ ಆರಾಮ್ ಸೇ ದಬಾವೋ," ಎಂದ. ಗಾಡಿ ಸರಿಯಿದೆ, ಕಾಲು ಮೆಲ್ಲಗೆ ಒತ್ತಿ ಎಂದು ಹೇಳುವಾಗ ಅವನ ಕಣ್ಣು ಇವರ ನಡುಗುವ ಕೈಯ ಮೇಲಿತ್ತು.

ಅವತ್ತಿನಿಂದ ಇವರು ಕಾರು ಮುಟ್ಟಲಿಲ್ಲ. ಸಂಜೆಯ ಸುತ್ತಾಟ ನಿಂತಿತು. ಊಟಕ್ಕೆ ಕರೆದರೆ ಬಂದು, ತಟ್ಟೆ ನೋಡುತ್ತ ಉಂಡು ಎದ್ದುಹೋಗುವರು. ವಾರ ಕಳೆದ ಮೇಲೆ, ಕಳಮೇಶ್ವರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬರು ಭಾನುವಾರ ಹನ್ನೊಂದಕ್ಕೆ ಕಾರು ಕೊಳ್ಳಲು ಬರುತ್ತಾರೆ ಎಂದರು.

"ಗಾಡೀದ ತಪ್ಪಿರಬಹುದಲ್ರೀ?" ಎಂದೆ.

"ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ಕಾಲೂ ನಡಗಾಕ ಹತ್ಯಾವು. ಬಿಡು ಆ ಮಾತು."

ಭಾನುವಾರ ಬೆಳಿಗ್ಗೆ ಅವರು ಕಾರು ಒರೆಸುತ್ತಿದ್ದರು. ಕೊಟ್ಟುಬಿಡುವ ವಸ್ತುವನ್ನು ಅಷ್ಟು ಜತನದಿಂದ ಒರೆಸುವುದನ್ನು ನೋಡಿ ನನಗೆ ಸಂಕಟವಾಯಿತು. ಸಂಕಟವಾದರೆ ನನಗೆ ಬರುವುದು ಸಿಟ್ಟು.

"ಮೂವತ್ತು ವರ್ಷ ಊರಿಗೆಲ್ಲಾ ಅಳದು ಮಾತಾಡ್ರಿ ಅಂದ್ರಿ. ನಿಮ್ಮ ಕಾಲು ಯಾವ ಮೀಟರಿನಾಗ ಅಳದ್ರಿ?" ಎಂದು ಸಿಡುಕಿದೆ.

ಅವರು ಬಟ್ಟೆ ಕೆಳಗಿಟ್ಟು ಒಳಗೆ ಹೋದರು. ಬರುವಾಗ ಕೈಯಲ್ಲಿ ವೋಲ್ಟೇಜ್ ಅಳೆಯುವ ಹಳೆಯ ಮುಳ್ಳಿನ ಮಲ್ಟಿಮೀಟರ್ ಇತ್ತು.

"ಆಕ್ಸಿಲರೇಟರ್ ಎಷ್ಟು ಒತ್ತೇವಿ ಅಂತ ಇಂಜಿನ್ನಿಗೆ ತಿಳಸೂ ಸೆನ್ಸರ್ ಒಂದು ಇರತೈತಿ, ಥ್ರಾಟಲ್ ಸೆನ್ಸರ್ ಅಂತ. ಒತ್ತಿದಾಂಗ ವೋಲ್ಟೇಜ್ ಏರಕೋಂತ ಹೋಗಬೇಕು. ನಡುವ ಬಿತ್ತಂದ್ರ ಸೆನ್ಸರ್ ಕೆಟ್ಟೈತಿ ಅಂತ," ಎಂದರು.

ಇಂಜಿನ್ ಚಾಲೂ ಮಾಡದೆ ಚಾವಿಯನ್ನಷ್ಟೇ ತಿರುಗಿಸಿಟ್ಟರು. ಸೆನ್ಸರಿನ ಮೂರು ವೈರುಗಳಲ್ಲಿ ನಡುವಿನದಕ್ಕೆ ಮೀಟರಿನ ಕೆಂಪು ಕಡ್ಡಿ ಮುಟ್ಟಿಸಬೇಕು. ಜಾಗ ಇಕ್ಕಟ್ಟು. ಇವರ ಕೈ ನಡುಗಿ ಮುಳ್ಳು ಮನಬಂದಂತೆ ಕುಣಿಯಿತು. "ನೋಡಿದ್ಯಾ?" ಎಂದವರೇ ಕಡ್ಡಿ ನನ್ನ ಕೈಗೆ ಕೊಟ್ಟು ಕಟ್ಟೆಯ ಮೇಲೆ ಕೂತುಬಿಟ್ಟರು.

ನಾನು ಸೆರಗಿನ ಪಿನ್ನು ಬಿಚ್ಚಿದೆ. ಅವರು ಕೂತಲ್ಲಿಂದಲೇ ಹೇಳಿದ ಹಾಗೆ, ವೈರಿಗೆ ಚುಚ್ಚದಂತೆ ಅದರ ಪಕ್ಕದಿಂದ ಪಿನ್ನನ್ನು ಸೆನ್ಸರಿನ ಪ್ಲಗ್ಗಿನೊಳಗೆ ತೂರಿಸಿ, ಕೆಂಪು ಕಡ್ಡಿಯನ್ನು ಅದಕ್ಕೆ ನನ್ನ ಜಡೆಯ ರಬ್ಬರ್ ಬ್ಯಾಂಡಿನಿಂದ ಬಿಗಿದೆ. ಕಪ್ಪು ಕಡ್ಡಿಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸಿದೆ. ಮುಳ್ಳು ತೆಪ್ಪಗೆ ನಿಂತಿತು.

ಇವರು ಒಳಗೆ ಕೂತು ಮೆಲ್ಲಗೆ ಒತ್ತಿದರು. ಮುಳ್ಳು ಅರ್ಧ ವೋಲ್ಟಿನಿಂದ ಏರಿ, ಒಂದೂವರೆಯ ಹತ್ತಿರ ದೊಪ್ಪನೆ ಬಿದ್ದು, ಮತ್ತೆ ಎದ್ದಿತು. ಕೂಗಿ ಹೇಳಿದೆ.

"ಅದ ನನ್ನ ಕಾಲಿನ ನಡುಕ," ಎಂದರು.

"ಹಂಗಾರ ಇಳೀರಿ. ನಾ ಕೂಡತೇನಿ."

ಜನ್ಮದಲ್ಲಿ ಆಕ್ಸಿಲರೇಟರ್ ಮುಟ್ಟಿದವಳಲ್ಲ ನಾನು. ಯಾವುದು ಎಂದು ಕೇಳಿಕೊಂಡು ಒತ್ತಿದೆ. ಎತ್ತಿದ ಬಾನೆಟ್ ಅಡ್ಡವಿದ್ದುದರಿಂದ ಮೀಟರ್ ನೋಡುತ್ತ ನಿಂತ ಇವರ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ. "ಸಾವಕಾಶ... ಇನ್ನಷ್ಟು..." ಆಮೇಲೆ, "ಮತ್ತೊಮ್ಮೆ ಒತ್ತು." ಒತ್ತಿದೆ. "ಮತ್ತೊಮ್ಮೆ." ಹೀಗೆ ಏಳೆಂಟು ಸಲ. ಕೊನೆಗೆ ದನಿಯೇ ಬರಲಿಲ್ಲ. ಗಾಬರಿಯಾಗಿ ಇಳಿದು ಹೋದರೆ, ಮೀಟರಿನ ಮೇಲೆ ಬಗ್ಗಿ ನಿಂತಿದ್ದಾರೆ, ಕಣ್ಣು ತುಂಬಿವೆ.

"ನೀ ಒತ್ತಿದ್ರೂ ಅಲ್ಲೇ ಬೀಳತೈತಿ ಶಾಂತಾ. ಪ್ರತಿ ಸಲ ಅಲ್ಲೇ. ಅದು ನಾ ಅಲ್ಲ."

ಪಿನ್ನು ಕಾರಿನಲ್ಲೇ ಇತ್ತು, ಸೆರಗು ಜಾರುತ್ತಿತ್ತು, ಓಣಿಯಲ್ಲಿ ಜನ ಓಡಾಡುತ್ತಿದ್ದರು. ನಾನೂ ಅಲ್ಲೇ ನಿಂತು ಅತ್ತೆ.

ಹನ್ನೊಂದಕ್ಕೆ ಬಂದವರಿಗೆ ಇವರು ಚಹಾ ಕೊಟ್ಟು, "ಮಾಫ್ ಕರೋ ಭಾವು, ಅಬ್ ಗಾಡೀ ನಹೀ ಬೇಚನೀ," ಎಂದು ಕ್ಷಮೆ ಕೇಳಿ, ಕಾರು ಮಾರದೆ ಕಳಿಸಿದರು. ಸೆನ್ಸರ್ ಬದಲಾಯಿಸಿದ ಮೇಲೆ ಕಾರು ಮತ್ತೆ ಜಗ್ಗಲಿಲ್ಲ. ಮುಂದೆ ಮೂರು ವರ್ಷ ಸಂಜೆಯಾದರೆ ಹೊರಡುತ್ತಿದ್ದೆವು. ಸಿವಿಲ್ ಲೈನ್ಸಿನ ಆ ಅಗಲ ರಸ್ತೆಯಲ್ಲಿ ಒಂದು ಮರದ ಕೆಳಗೆ ಕಾರು ನಿಲ್ಲಿಸಿ, ಹುರಿದ ಶೇಂಗಾ ತಿನ್ನುತ್ತ, ಗದಗಿನ ಮಂದಿಯನ್ನೆಲ್ಲ ಒಬ್ಬೊಬ್ಬರಾಗಿ ನೆನೆದು ನಗುತ್ತಿದ್ದೆವು. ನಡುಕ ಹೆಚ್ಚಾದಾಗ ಅವರೇ, ಯಾರೂ ಹೇಳದೆ, "ಇನ್ನ ಸಾಕು" ಎಂದು ಕಾರು ಮಾರಿದರು. ಆ ದಿನ ಅವರ ಮುಖ ಬಾಡಿರಲಿಲ್ಲ. ಈಗ ಆಟೋದಲ್ಲಿ ಆ ರಸ್ತೆಗೆ ಹೋದಾಗಲೆಲ್ಲ ನಾನು ಹೊರಗೆ ನೋಡುತ್ತ ಕೂಡುತ್ತೇನೆ.

ಮನೆಗೆ ಬಂದವರ ಮುಂದೆ ಇವರು ಈ ಕಥೆ ಹೇಳಿ, "ನನಗ ನನ್ನ ಮ್ಯಾಲೆ ಇಲ್ಲದ ನಂಬಿಕಿ ಈಕೀಗೆ ಇತ್ತು," ಎನ್ನುತ್ತಾರೆ. ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ. ನಂಬಿಕೆ ಇರಲಿಲ್ಲ. ಅವರ ಬಾಡಿದ ಮುಖ ನೋಡಲಾರದ ಸಿಟ್ಟು ಇತ್ತು, ಅಷ್ಟೇ. ಕಾರು ಜಗ್ಗಿದಾಗಲೆಲ್ಲ ನಾನೂ ಬಾಗಿಲಿನ ಹಿಡಿಕೆ ಗಟ್ಟಿಯಾಗಿ ಹಿಡಿದು, ಆ ಗ್ಯಾರೇಜಿನವನ ಹಾಗೆ, ಅವರ ಕಾಲನ್ನೇ ಅನುಮಾನದಿಂದ ನೋಡಿದ್ದೆ. ಕನ್ನಡದಲ್ಲಿ ಅಚ್ಚಾಗಿ ಬಂದದ್ದನ್ನು ಒಂದಕ್ಷರ ಬಿಡದೆ ಓದುವವರು ಅವರು. ಇದನ್ನೂ ಓದುತ್ತಾರೆ. ಎದುರಿಗೆ ನಿಂತು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆದೆ.