ಆರನೆಯ ಬೋಲ್ಟಿನ ಅರ್ಧ ಮೂಲೆ

ಅವರನ್ನು ಎಲ್ಲರೂ ಗೆರೆ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬೋಲ್ಟು ಬಿಗಿ ಮಾಡಿದ ಮೇಲೆ ಅದರ ತಲೆಯಿಂದ ಪಕ್ಕದ ಲೋಹದವರೆಗೆ ಉಳಿಯಿಂದ ಸಣ್ಣದೊಂದು ಗೆರೆ ಎಳೆಯುವುದು ಅಪ್ಪನಿಂದ ಬಂದ ಅಭ್ಯಾಸ. ಬೋಲ್ಟು ಕೊಂಚ ತಿರುಗಿದರೂ ಗೆರೆ ಮುರಿದು ಎರಡಾಗಿ ಕಾಣುತ್ತದೆ. ಮನೆಯಲ್ಲಿ ಗ್ಯಾಸಿನ ತಿರುಪಿಗೆ, ನಲ್ಲಿಗೆ, ಸಕ್ಕರೆ ಡಬ್ಬಿಯ ಮುಚ್ಚಳಕ್ಕೆಲ್ಲ ಗೆರೆ.

"ನನ್ನ ತಲೆಗೂ ಒಂದು ಎಳೆದುಬಿಡಿ, ಕೆಟ್ಟಿದ್ದು ಯಾವತ್ತು ಅಂತ ಗೊತ್ತಾಗತ್ತೆ" ಎನ್ನುತ್ತಿದ್ದರು ಹೆಂಡತಿ.

ಆ ವಾರ ಅವರ ರಿಪೇರಿ ಶೆಡ್ಡಿನಲ್ಲಿ, ಕಾರಿನಡಿ ಇಳಿದು ಕೆಲಸ ಮಾಡುವ ಗುಂಡಿಯ ಮೇಲೆ ನಿಂತಿದ್ದದ್ದು ಅಪ್ಪನ ಹಳೆಯ ಕಾರು. ಪಕ್ಕದ ಸ್ಟೂಲಿನ ಮೇಲೆ ಅಕ್ಕ. ಅಕ್ಕನ ಡ್ರೈವಿಂಗ್ ಲೈಸೆನ್ಸು ಶನಿವಾರಕ್ಕೆ ಮುಗಿಯುತ್ತಿತ್ತು. ಕಣ್ಣಿನ ಡಾಕ್ಟರು, ಇನ್ನು ನವೀಕರಣದ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ಸ್ಟಿಯರಿಂಗ್ ಹಿಡಿಯಲು ಕಲಿತ ಕಾರಿನಲ್ಲೇ ಕೊನೆಯ ಸಲ ಸೇತುವೆಯವರೆಗೆ ಹೋಗಿಬರಬೇಕೆಂಬುದು ಅವರ ಆಸೆ. ಆದರೆ ಹತ್ತು ವರ್ಷದ ನಂತರ ಎಚ್ಚರಗೊಂಡ ಇಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಏರಲಿಲ್ಲ, ತಳದಿಂದ ದಡದಡ ಸದ್ದು ಬೇರೆ.

ಮೇಸ್ತ್ರಿ ಸೋಮವಾರ ಗುಂಡಿಗಿಳಿದು ತಳದ ಆಯಿಲ್ ಚೇಂಬರ್ ಬಿಚ್ಚಿದರು. ಆ ಇಂಜಿನ್ನಿನೊಳಗೆ ತಿರುಗುವ ದಂಡವನ್ನು, ಅಂದರೆ ಕ್ರ್ಯಾಂಕನ್ನು, ಹಿಡಿದುಕೊಂಡಿರುವುದು ಮೂರು ಮೇನ್ ಬೇರಿಂಗು. ಒಂದೊಂದಕ್ಕೂ ಒಂದು ಕ್ಯಾಪು, ಒಂದೊಂದು ಕ್ಯಾಪಿಗೂ ಎರಡು ಬೋಲ್ಟು. ಒಟ್ಟು ಆರು. ನಲವತ್ತನಾಲ್ಕು ವರ್ಷದ ಹಿಂದೆ ಅಪ್ಪ ಎಳೆದ ಗೆರೆಗಳು ಐದರ ಮೇಲೆ ನೇರವಾಗಿಯೇ ಇದ್ದವು. ಆರನೆಯದು, ಹಿಂದಿನ ಕ್ಯಾಪಿನದು, ಮುರಿದಿತ್ತು.

ಮೇಸ್ತ್ರಿಗೆ ಆಶ್ಚರ್ಯವಾಗಲಿಲ್ಲ. ಅದನ್ನು ಮುರಿದವರು ಅವರೇ. ಹತ್ತೊಂಬತ್ತರ ಪ್ರಾಯದಲ್ಲಿ, ಕೊನೆಯ ಬೋಲ್ಟನ್ನು ಬಿಗಿ ಮಾಡುವ ಭಾಗ್ಯವನ್ನು ಅಪ್ಪ ಅವರಿಗೆ ಕೊಟ್ಟಿದ್ದರು. ಬಿಗಿ ಮಾಡಿದ್ದೂ ಆಯಿತು, ಅಪ್ಪ ಗೆರೆ ಎಳೆದದ್ದೂ ಆಯಿತು. ಆದರೆ ಅದು ಸಡಿಲವಾಗಿ ಅಪ್ಪನ ಕಾರು ನಡುದಾರಿಯಲ್ಲಿ ನಿಂತುಬಿಟ್ಟರೆ ಎಂಬ ಭಯ ಬಿಡಲಿಲ್ಲ. ಅಪ್ಪ ಕೈತೊಳೆಯಲು ಹೋದಾಗ ಮತ್ತೆ ಗುಂಡಿಗಿಳಿದು ಅರ್ಧ ಮೂಲೆಯಷ್ಟು ತಿರುಗಿಸಿದ್ದರು. ಬೋಲ್ಟಿನ ತಲೆಗೆ ಆರು ಮೂಲೆ, ಒಂದು ಮೂಲೆಯಿಂದ ಇನ್ನೊಂದಕ್ಕೆ ಇರುವ ದೂರದಲ್ಲಿ ಅರ್ಧ. ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ.

ಆದರೆ ಈಗ ಗೆರೆ ಸರಿದಿದ್ದದ್ದು ಸರಿಯಾಗಿ ಒಂದು ಮೂಲೆ. ಮೇಸ್ತ್ರಿ ಟಾರ್ಚು ಹಿಡಿದು ಎರಡು ಸಲ ನೋಡಿದರು. ಇನ್ನರ್ಧ ಮೂಲೆ ಎಲ್ಲಿಂದ ಬಂತು?

ಬೋಲ್ಟುಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಗಾಜಿನ ಹಲಗೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಮೇಲೊಂದು ಉಕ್ಕಿನ ಪಟ್ಟಿ ಇಟ್ಟರು. ಪಟ್ಟಿ ವಾಲಿತು. ಆರನೆಯದು ಮಿಕ್ಕವಕ್ಕಿಂತ ಕಾಲು ಮಿಲಿಮೀಟರ್ ಉದ್ದ. ಬೋಲ್ಟು ಅಂದರೆ ಒಂದು ಬಗೆಯ ಸ್ಪ್ರಿಂಗು. ಹದವಾಗಿ ಎಳೆದರೆ ಬಿಟ್ಟಾಗ ವಾಪಸ್ಸು ಬರುತ್ತದೆ. ಮಿತಿ ಮೀರಿ ಎಳೆದರೆ ಎಳೆದಷ್ಟೇ ಉಳಿದುಬಿಡುತ್ತದೆ.

"ಅಕ್ಕಾ, ಈ ಬೋಲ್ಟು ಹೋಯ್ತು. ಜೋಡಿನೇ ಬದಲಾಯಿಸ್ಬೇಕು. ಹೊಸದು ಪಕ್ಕದೂರಿಂದ ಬರ್ಬೇಕು. ಶನಿವಾರಕ್ಕೆ ಬಂದ್ರೆ ಬಂತು."

"ನಲವತ್ತನಾಲ್ಕು ವರ್ಷ ತಡೆದದ್ದು ಸೇತುವೆ ತನಕ ತಡೆಯಲ್ವೇನೋ? ಅದನ್ನೇ ಹಾಕು."

ಅವರ ಆಸೆಗೆ ಇದ್ದದ್ದು ಐದೇ ದಿನ. ಮೇಸ್ತ್ರಿಗೆ ಅದು ಗೊತ್ತಿತ್ತು. ಆದರೂ ಬೋಲ್ಟನ್ನು ಅಕ್ಕನ ಮುಂದೆ ಹಿಡಿದರು.

"ಬಿಗಿದಿದ್ದಷ್ಟು ದಿನ ಹೇಗೋ ನಡೀತು. ಬಿಚ್ಚಿ ಮತ್ತೆ ಬಿಗಿದ್ರೆ ತಡೆಯಲ್ಲ. ತುಂಡಾದ್ರೆ ಅಪ್ಪನ ಇಂಜಿನ್ನು ಸೇತುವೆ ಮೇಲೇ ಕಣ್ಣು ಮುಚ್ಚತ್ತೆ. ಆಗಲ್ಲ."

ಅಕ್ಕ ಮುಖ ಊದಿಸಿಕೊಂಡರು. ಮೇಸ್ತ್ರಿ ಬೋಲ್ಟನ್ನು ಹಲಗೆಯ ಮೇಲಿಟ್ಟರು.

"ತಪ್ಪು ನಂದೇ. ಅವತ್ತು ಅಪ್ಪ ಆಚೆ ಹೋದಾಗ ಅರ್ಧ ಮೂಲೆ ಜಾಸ್ತಿ ತಿರುಗಿಸಿದ್ದೆ. ಆದ್ರೆ ಇಲ್ಲಿ ಒಂದು ಮೂಲೆ ಪೂರ್ತಿ ಸರಿದಿದೆ. ಅದೇ ಅರ್ಥ ಆಗ್ತಿಲ್ಲ."

ಅಕ್ಕ ಸೀರೆಯ ಸೆರಗನ್ನು ಅನವಶ್ಯಕವಾಗಿ ಸರಿಮಾಡಿಕೊಂಡರು. ಸೂರಿನಲ್ಲಿ ಎಷ್ಟು ತಗಡಿದೆ ಎಂದು ನೋಡಿದರು.

"ಅಕ್ಕಾ!"

"ಏನೀಗ? ಅವತ್ತು ನೀನು ಊಟಕ್ಕೆ ಹೋದಾಗ ನಾನು ಇಳಿದೆ. ನಿನ್ನ ಕೈ ಆಗ ಸೌತೆಕಾಯಿ ಹಾಗಿತ್ತು ಕಣೋ. ಅದರಲ್ಲಿ ಬಿಗಿ ಮಾಡಿದ್ದನ್ನ ನಂಬಿ ಅಪ್ಪನ್ನ ರಸ್ತೆಗೆ ಕಳಿಸೋಕಾಗತ್ತಾ?"

"ನಂಗೇ ನಂಬಿಕೆ ಇರ್ಲಿಲ್ಲ ಅಂತ ತಾನೇ ನಾನೂ ಇಳಿದಿದ್ದು!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನಗು ಮೊದಲು ಅಕ್ಕನಿಗೆ ಬಂತು. ಸ್ಟೂಲೂ ನಕ್ಕಂತೆ ಕಿರುಗುಟ್ಟಿತು. ಮಗನದೊಂದು, ಮಗಳದೊಂದು ಅರ್ಧ ಮೂಲೆ ಹೊತ್ತುಕೊಂಡು ಅಪ್ಪ ಅಷ್ಟು ವರ್ಷ ನಿಶ್ಚಿಂತೆಯಿಂದ ಓಡಾಡಿದ್ದರು.

ಶನಿವಾರ ಹನ್ನೊಂದು ಗಂಟೆಯ ಬಸ್ಸಿನಲ್ಲಿ ಪೊಟ್ಟಣ ಬಂತು. ಎರಡು ಬೋಲ್ಟು, ಎಣ್ಣೆ ಕಾಗದದಲ್ಲಿ. ಸವೆದವುಗಳ ಜಾಗದಲ್ಲಿ ಹೊಸ ಬೇರಿಂಗುಗಳು ಆಗಲೇ ಕೂತಿದ್ದವು. ಉಳಿದ ನಾಲ್ಕು ಬೋಲ್ಟೂ ಬಿಗಿಯಾಗಿದ್ದವು. ಮೇಸ್ತ್ರಿ ಹೊಸ ಬೋಲ್ಟುಗಳ ತಿರುಪಿನ ಸುತ್ತುಗಳಿಗೆ ಎಣ್ಣೆ ಸವರಿ, ಮೊದಲು ಕೈಯಲ್ಲಿ, ಆಮೇಲೆ ಅರ್ಧ ಬಿಗಿ, ಕೊನೆಗೆ ಟಾರ್ಕ್ ರೆಂಚಿನಲ್ಲಿ, ಹದ ಮುಟ್ಟಿತೆಂದು ಅದು ಟಕ್ ಎನ್ನುವವರೆಗೆ ತಿರುಗಿಸಿದರು. ಗೆರೆ ಎಳೆದು, ಕೈತೊಳೆಯಲು ಹೋದರು.

ವಾಪಸ್ಸು ಬಂದಾಗ ರೆಂಚು ಅಕ್ಕನ ಮಡಿಲಲ್ಲಿತ್ತು.

"ಮುಟ್ಟಿದ್ಯಾ?"

"ಇಲ್ಲ."

ಮೇಸ್ತ್ರಿ ಟಾರ್ಚು ತೆಗೆದುಕೊಂಡು ಗುಂಡಿಗಿಳಿದರು.

"ನಂಬಿಕೆ ಇಲ್ವೇನೋ ನನ್ನ ಮೇಲೆ?"

"ಇದೆ" ಎಂದಿತು ಗುಂಡಿಯೊಳಗಿನ ದನಿ. "ಗೆರೆ ಮೇಲೆ ಇನ್ನೂ ಸ್ವಲ್ಪ ಜಾಸ್ತಿ ಇದೆ."

ಗೆರೆ ನೇರವಾಗಿತ್ತು. ಚೇಂಬರ್ ಮುಚ್ಚಿ, ಎಣ್ಣೆ ತುಂಬಿ, ನಾಲ್ಕು ಗಂಟೆಗೆ ಕಾರು ಹೊರಟಿತು. ಅಕ್ಕ ಸ್ಟಿಯರಿಂಗ್ ಹಿಡಿದಿದ್ದರು. ಪಕ್ಕದಲ್ಲಿ ಮೇಸ್ತ್ರಿ ರಸ್ತೆ ನೋಡದೆ ಎಣ್ಣೆಯ ಒತ್ತಡ ತೋರಿಸುವ ಮುಳ್ಳನ್ನೇ ನೋಡುತ್ತಿದ್ದರು. ಮೇಲೇರಿದ ಮುಳ್ಳು ಕೆಳಗಿಳಿಯಲಿಲ್ಲ. ಸೇತುವೆಯ ಆ ಬದಿಯಲ್ಲಿ ತಿರುಗಿಸುವ ಮುನ್ನ ಅಕ್ಕ ಕಾರು ನಿಲ್ಲಿಸಿ, ಇಂಜಿನ್ನು ಆರಿಸದೆ, ಅದರ ಸದ್ದನ್ನು ಸ್ವಲ್ಪ ಹೊತ್ತು ಕೇಳಿದರು.

ಮನೆಯ ಮುಂದೆ ನಿಲ್ಲಿಸಿ ಹ್ಯಾಂಡ್ ಬ್ರೇಕನ್ನು ಕಟಕಟನೆ ನಾಲ್ಕು ಹಲ್ಲು ಎಳೆದರು. ಮೇಸ್ತ್ರಿಯ ಕೈ ತನಗೇ ಗೊತ್ತಿಲ್ಲದೆ ಅದರತ್ತ ಹೋಗಿ, ಅರ್ಧದಲ್ಲಿ ನಿಂತಿತು.

"ಹೂಂ, ಎಳಿ, ಇನ್ನೊಂದು ಹಲ್ಲು ಎಳಿ" ಎಂದರು ಅಕ್ಕ, ಕೀಲಿ ತೆಗೆಯುತ್ತಾ. "ಇವತ್ತಾದ್ರೂ ನಾನು ನೋಡ್ತಿರುವಾಗಲೇ ಎಳಿ."